ಪೊನ್ನನ ಪುಸ್ತಕ ಯಾವ ಬೋಕಿಯಲ್ಲಿದೆ?

ಗ್ರಂಥಾಲಯದಲ್ಲಿ ಪುಸ್ತಕವೊಂದು ಇಲ್ಲದಿರುವುದು ಬೇರೆ, ಇದ್ದೂ ಕೈಗೆ ಸಿಗದಿರುವುದು ಬೇರೆ. ಗಣಕಯಂತ್ರಗಳ ಲೋಕದಲ್ಲಿಯೂ ಈ ಎರಡನೆಯ ಬಗೆಯ ತೊಡಕುಂಟು. ಅದನ್ನು ಪತ್ತೆಹಚ್ಚುವ ಕ್ರಮವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಕೋಟಿಗಟ್ಟಲೆ ಬರಹಗಳಲ್ಲಿ ಬೇಕಾದುದನ್ನು ಹುಡುಕಿಕೊಡಲು ಒಂದು ಯಂತ್ರ ಸಾಲದು. ಆದುದರಿಂದ ಸೂಚಿಯನ್ನು ತುಂಡುಮಾಡಿ ಹಲವು ಯಂತ್ರಗಳಿಗೆ ಹಂಚುತ್ತಾರೆ. 2010ರಲ್ಲಿ ಹೊರಬಂದ ಎಲಾಸ್ಟಿಕ್‌ಸರ್ಚ್ ಎಂಬ ಶೋಧವ್ಯವಸ್ಥೆ ಈ ಬಗೆಯದು. ಒಂದೊಂದು ತುಂಡಿಗೆ ಅಲ್ಲಿ ‘ಶಾರ್ಡ್’ ಎಂದು ಹೆಸರು. ಒಡೆದ ಮಡಕೆಯ ಚೂರು ಎಂಬುದು ಆ ಪದದ ಅರ್ಥ. ಬೋಕಿಬಿಲ್ಲೆಯಾಡಿದವರಿಗೆ ಬೋಕಿಯೆಂದರೆ ಸಾಕು. ನಾನೂ ಬೋಕಿಯೆಂದೇ ಕರೆಯುತ್ತೇನೆ.

ಯಾವ ಬರಹ ಯಾವ ಬೋಕಿಗೆ ಹೋಗಬೇಕು? ಇದನ್ನು ನಿರ್ಧರಿಸುವುದೇ ‘ರೂಟಿಂಗ್’. ಪ್ರತಿ ಬರಹಕ್ಕೂ ಒಂದು ದಾರಿಗುರುತುಂಟು. ಬೇರೇನೂ ಹೇಳದಿದ್ದರೆ ಬರಹದ ಕ್ರಮಸಂಖ್ಯೆಯೇ ದಾರಿಗುರುತು. ಬೇಕೆಂದರೆ ಕವಿಯ ಹೆಸರನ್ನು ಕೊಡಬಹುದು. ಯಂತ್ರವು ಆ ಗುರುತನ್ನು ಒಂದು ಸಂಖ್ಯೆಯಾಗಿ ಮಾರ್ಪಡಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಅದನ್ನು ಬೋಕಿಗಳ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷವೇ ಬೋಕಿಯ ಅಂಕ. 23ನ್ನು 5ರಿಂದ ಭಾಗಿಸಿದರೆ ಶೇಷ 3. 6ರಿಂದ ಭಾಗಿಸಿದರೆ 5. ಒಮ್ಮೆ ಕಟ್ಟಿದ ಸೂಚಿಯಲ್ಲಿ ಮೂಲ ಬೋಕಿಗಳ ಸಂಖ್ಯೆಯನ್ನು ಬದಲಿಸಗೊಡದಿರುವುದು ಈ ಕಾರಣಕ್ಕೇ.

ಈಗ ಕನ್ನಡ ಗ್ರಂಥಗಳ ಸೂಚಿಯೊಂದನ್ನು ಊಹಿಸಿಕೊಳ್ಳಿ. ಕವಿಯ ಹೆಸರೇ ದಾರಿಗುರುತು. ಪೊನ್ನನ ‘ಶಾಂತಿಪುರಾಣ’ವನ್ನು ಒಬ್ಬರು ಸೇರಿಸಿದರು, ಇನ್ನೊಬ್ಬರು ಅದರ ಕ್ರಮಸಂಖ್ಯೆ ಹಿಡಿದು ಕೇಳಿದರು. ‘ಇಲ್ಲ’ ಎಂದು ಉತ್ತರ ಬಂದಿತು. ಹೆಸರಿನಲ್ಲಿ ಕಾಗುಣಿತದ ತಪ್ಪೇನೂ ಕಾಣದು. ಆದರೆ ಯೂನಿಕೋಡ್ ಲಿಪಿಸಂಕೇತದಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಕೂಡಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಪೊನ್ನ’ನೇ, ಯಂತ್ರಕ್ಕೆ ಮಾತ್ರ ಇಬ್ಬರು ಕವಿಗಳು, ಎರಡು ದಾರಿ!

ಇದರಲ್ಲೊಂದು ಮೋಸವೂ ಅಡಗಿದೆ. ಬೋಕಿಗಳು ಐದಿದ್ದರೆ, ಬೇರೆಬೇರೆ ಗುರುತುಗಳೂ ಸುಮಾರು ಐದರಲ್ಲಿ ಒಂದು ಸಲ ಆಕಸ್ಮಿಕವಾಗಿ ಒಂದೇ ಬೋಕಿಗೆ ಬೀಳುತ್ತವೆ. ಆಗ ಕೆಲವು ಪುಸ್ತಕಗಳು ಸರಾಗವಾಗಿ ಸಿಕ್ಕುತ್ತವೆ. ವ್ಯವಸ್ಥೆ ಸರಿಯಾಗಿದೆಯೆಂದು ನಂಬಿದವರು ದೋಷವನ್ನು ಬೇರೆಲ್ಲೋ ಹುಡುಕುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ಅದೇ ಕ್ರಮಸಂಖ್ಯೆಯ ಬರಹವನ್ನು ಬೇರೆ ಗುರುತಿನಿಂದ ಮತ್ತೆ ಸೇರಿಸಿದಾಗ ಎರಡು ಪ್ರತಿಗಳಾಗುತ್ತವೆ. ಒಂದನ್ನು ತಿದ್ದಿದರೆ ಮತ್ತೊಂದು ಹಾಗೆಯೇ ಉಳಿಯುತ್ತದೆ. ಕವಿಯ ಪುಸ್ತಕದ ಬದಲು ತನ್ನ ವಿಳಾಸವನ್ನು ಅಳಿಸಿಹಾಕಿರೆಂದು ಕೇಳಿದ ಮನುಷ್ಯನೊಬ್ಬನ ದಾಖಲೆಯಾಗಿದ್ದರೆ? ಅಳಿಸುವ ಆಜ್ಞೆ ತಪ್ಪು ಬೋಕಿಗೆ ಹೋಗಿ ‘ಅಂಥದ್ದಿಲ್ಲ’ ಎಂದು ಮರಳುತ್ತದೆ, ದಾಖಲೆ ಇದ್ದಲ್ಲೇ ಇರುತ್ತದೆ.

ಪತ್ತೆಯ ಮೊದಲ ಹೆಜ್ಜೆ, ದಾರಿಗುರುತನ್ನೇ ಕೊಡದೆ ಹುಡುಕುವುದು. ಆಗ ಪ್ರಶ್ನೆ ಎಲ್ಲ ಬೋಕಿಗಳಿಗೂ ಹೋಗುತ್ತದೆ. ಉತ್ತರದ ಜೊತೆಗೆ ಎಷ್ಟು ಬೋಕಿಗಳು ಉತ್ತರಿಸಿದವು, ಎಷ್ಟು ಸೋತವು ಎಂಬ ಲೆಕ್ಕವೂ ಬರುತ್ತದೆ. ಅವಸರದವರು ಇದನ್ನು ಓದುವುದೇ ಇಲ್ಲ. ಬೋಕಿಯೇ ಸೋತಿದ್ದರೆ ರೂಟಿಂಗನ್ನು ದೂರಿ ಫಲವಿಲ್ಲ. ಎಲ್ಲವೂ ಉತ್ತರಿಸಿ ಬರಹ ಸಿಕ್ಕಿದರೆ, ಅದರೊಡನೆ ಬಂದ ದಾರಿಗುರುತನ್ನು ನಾವು ಕೇಳಿದ ಗುರುತಿನೊಡನೆ ಸಂಕೇತ ಸಂಕೇತವಾಗಿ ಹೋಲಿಸಬೇಕು. ಬರಿಗಣ್ಣನ್ನು ಇಲ್ಲಿ ನಂಬಲಾಗದು.

ಗುರುತಿಲ್ಲದ ಬರಹವನ್ನು ಒಳಗೆ ಬಿಡದಂತೆ ಕಟ್ಟಳೆ ಮಾಡಲು ಅವಕಾಶವಿದೆ. ಆದರೆ ಗುರುತು ಇದೆಯೇ ಎಂದಷ್ಟೇ ಆ ಕಾವಲುಗಾರ ನೋಡುತ್ತಾನೆ, ಸರಿಯೇ ಎಂದು ನೋಡಲಾರ. ಆದ್ದರಿಂದ ಎಲ್ಲ ಹೆಸರುಗಳನ್ನೂ ಮೊದಲೇ ಒಂದೇ ಸಂಕೇತರೂಪಕ್ಕೆ ತಂದುಕೊಂಡು, ಬರಹವನ್ನು ಸರಿಯಾದ ಗುರುತಿನಿಂದ ಮತ್ತೆ ಸೇರಿಸಬೇಕು. ಹಳೆಯ ಪ್ರತಿಯನ್ನು ಮಾತ್ರ ಅದರ ಹಳೆಯ, ತಪ್ಪು ಗುರುತನ್ನೇ ಕೊಟ್ಟು ಅಳಿಸಬೇಕು.