ಪೊಟ್ಯಾಷ್ ಚೀಲದೊಳಗಿನ ಪರಮಾಣು ಪಾಠ

ಕಡೂರಿನ ತೆಂಗಿಗೂ ತರೀಕೆರೆ, ಅಜ್ಜಂಪುರದ ಅಡಿಕೆಗೂ ಹಾಕುವ ಪೊಟ್ಯಾಷ್ ಗೊಬ್ಬರ ಸಣ್ಣ ಪ್ರಮಾಣದಲ್ಲಿ ವಿಕಿರಣ ಸೂಸುತ್ತದೆ. ಪ್ರಕೃತಿಯಲ್ಲಿ ಸಿಗುವ ಪೊಟ್ಯಾಸಿಯಂನ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು ಪೊಟ್ಯಾಸಿಯಂ-40. ಅದರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಹಾಗಾಗಿ ಒಂದು ಗ್ರಾಂ ಗೊಬ್ಬರದಲ್ಲಿ ಸೆಕೆಂಡಿಗೆ ಹದಿನೈದರಷ್ಟು ಪರಮಾಣುಗಳು ಕ್ಷಯಿಸುತ್ತಲೇ ಇರುತ್ತವೆ. ಈ ಮೂರೂ ಊರುಗಳ ಪದವಿ ವಿದ್ಯಾರ್ಥಿಗಳು 1987ರಲ್ಲಿ ಆರಂಭವಾದ, ಭದ್ರಾ ಅಣೆಕಟ್ಟೆಗೆ ಹತ್ತಿರವಿರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತಾರೆ. ಅವರಲ್ಲಿ ಭೌತವಿಜ್ಞಾನ ಓದುವ ಪ್ರತಿಯೊಬ್ಬರೂ ಇಂಥ ಕ್ಷಯವನ್ನು ಎಣಿಸುವ ಪರಮಾಣು ಪ್ರಾಕ್ಟಿಕಲ್ ಅನ್ನು ತಮ್ಮ ಕೈಯಾರೆ ಮಾಡಬೇಕು ಎಂಬುದು ನನ್ನ ವಾದ. ಅಳತೆಯಲ್ಲಿ ಪ್ರಾಮಾಣಿಕವಾಗಿರುವುದನ್ನು ಅಷ್ಟು ನೇರವಾಗಿ ಕಲಿಸುವ ಪ್ರಯೋಗ ಇನ್ನೊಂದು ಸಿಗುವುದು ಕಷ್ಟ.

ಈ ಪ್ರಾಕ್ಟಿಕಲ್‌ನ ಮೊದಲ ಉಪಕರಣ, 1928ರಲ್ಲಿ ಹ್ಯಾನ್ಸ್ ಗೈಗರ್ ಮತ್ತು ವಾಲ್ಟರ್ ಮುಲ್ಲರ್ ರೂಪಿಸಿದ ಜಿ.ಎಂ. ಕೌಂಟರ್. ಕಡಿಮೆ ಒತ್ತಡದ ಅನಿಲ ತುಂಬಿದ ಕೊಳವೆ, ನಡುವೆ ತಂತಿ, ಅದಕ್ಕೆ ನೂರಾರು ವೋಲ್ಟ್. ಒಂದು ಕಣ ಒಳಹೊಕ್ಕರೆ ಅನಿಲದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳು ತಂತಿಯತ್ತ ನುಗ್ಗುತ್ತಾ ಇನ್ನಷ್ಟು ಎಲೆಕ್ಟ್ರಾನುಗಳನ್ನು ಹೊರಡಿಸುತ್ತವೆ. ಅಲ್ಲಿಗೆ ಒಂದು ಕೌಂಟ್ ದಾಖಲಾಗುತ್ತದೆ. ವಿದ್ಯಾರ್ಥಿ ವೋಲ್ಟೇಜ್ ಏರಿಸುತ್ತಾ ಹೋಗಿ, ಕೌಂಟ್ ಹೆಚ್ಚುಕಡಿಮೆ ಸ್ಥಿರವಾಗುವ ಪ್ಲಾಟೊ ಹುಡುಕಬೇಕು. ವಿಕಿರಣದ ಆಕರವಿಲ್ಲದೆ, ಸುತ್ತಲಿನಿಂದ ಬರುವ ಬ್ಯಾಕ್‌ಗ್ರೌಂಡ್ ಎಣಿಸಬೇಕು. ಬಳಿಕ ಆಕರವಿಟ್ಟು ಎಣಿಸಿದಾಗ ಈ ನಿಮಿಷಕ್ಕೆ 412 ಬಂದರೆ ಮುಂದಿನ ನಿಮಿಷಕ್ಕೆ 389 ಬಂದೀತು. ಉಪಕರಣ ಕೆಟ್ಟಿಲ್ಲ, ಕೈಯೂ ತಪ್ಪಿಲ್ಲ. ಯಾವ ಪರಮಾಣು ಯಾವಾಗ ಕ್ಷಯಿಸುತ್ತದೆಂದು ಹೇಳಲು ಯಾರಿಂದಲೂ ಆಗದು. 1910ರಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಏಳೂವರೆ ಸೆಕೆಂಡಿನ 2,608 ಅವಧಿಗಳಲ್ಲಿ ಆಲ್ಫಾ ಕಣಗಳನ್ನು ಎಣಿಸಿದರು. ಸರಾಸರಿ 3.87 ಇದ್ದರೂ ಕೆಲವು ಅವಧಿಗಳಲ್ಲಿ ಸೊನ್ನೆ, ಕೆಲವದರಲ್ಲಿ ಹತ್ತು ಬಂದಿತ್ತು. ಈ ಏರಿಳಿತಕ್ಕೂ ನಿಯಮವಿದೆ: ಎಣಿಕೆಯ ವರ್ಗಮೂಲದಷ್ಟು ಅನಿಶ್ಚಿತತೆ. ನೂರು ಎಣಿಸಿದರೆ ಶೇ. 10, ಹತ್ತು ಸಾವಿರ ಎಣಿಸಿದರೆ ಶೇ. 1. ಅನಿಶ್ಚಿತತೆಯನ್ನು ಹತ್ತು ಪಟ್ಟು ತಗ್ಗಿಸಲು ನೂರು ಪಟ್ಟು ತಾಳ್ಮೆ ಬೇಕು.

ವಿಕಿರಣ ಎಂದೊಡನೆ ಪೋಷಕರು ಹೆದರುವುದು ಸಹಜ. ಆದರೆ ವಯಸ್ಕರೊಬ್ಬರ ಮೈಯಲ್ಲೇ ಸೆಕೆಂಡಿಗೆ ಸುಮಾರು 4,000 ಪೊಟ್ಯಾಸಿಯಂ ಪರಮಾಣುಗಳು ಕ್ಷಯಿಸುತ್ತಿರುತ್ತವೆ. ಪ್ರಯೋಗಕ್ಕೆ ಬೇಕಾದ ಹಿಡಿಯಷ್ಟು ಗೊಬ್ಬರಕ್ಕೆ ಅಂಜಬೇಕಿಲ್ಲ. ಸೀಸಿಯಂ, ಕೋಬಾಲ್ಟ್‌ನಂಥ ಆಕರಗಳ ಮೇಲೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಣ್ಗಾವಲಿದೆ. ಕಂಪ್ಯೂಟರಿನಲ್ಲೇ ಪ್ರಯೋಗ ತೋರಿಸಬಹುದಲ್ಲ ಎಂಬ ಮಾತು ಈ ಹೆದರಿಕೆಗಿಂತ ಗಟ್ಟಿಯಾದದ್ದು. ಲೆಕ್ಕ ವಿವರಿಸಲು ಅದು ಉಪಯುಕ್ತ, ನಿಜ. ಆದರೆ ಪರದೆಯ ಮೇಲಿನ ಏರಿಳಿತವನ್ನು ಪ್ರೋಗ್ರಾಂ ಬರೆದವರು ಮೊದಲೇ ಇಟ್ಟಿರುತ್ತಾರೆ. ನಿಜವಾದ ಕೊಳವೆಯ ಮುಂದೆ, ಬಂದ ಅಂಕಿಯನ್ನು ನಂಬಬೇಕೇ ಬೇಡವೇ ಎಂದು ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಇದರಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಆಸ್ಪತ್ರೆಯ ರೇಡಿಯೋಥೆರಪಿ ವಿಭಾಗಕ್ಕೂ ಕೈಗಾದ ಸ್ಥಾವರಕ್ಕೂ ವಿಕಿರಣ ಅಳೆಯಬಲ್ಲವರು ಬೇಕು. ಮತದಾನ ಸಮೀಕ್ಷೆಯಿಂದ ಹಿಡಿದು ರಕ್ತ ಪರೀಕ್ಷೆಯವರೆಗೆ, ಅಂಕಿಯ ಹಿಂದೆ ಎಷ್ಟು ಅನಿಶ್ಚಿತತೆ ಇದೆ ಎಂದು ಕೇಳುವ ಅಭ್ಯಾಸ ಎಲ್ಲರಿಗೂ ಬೇಕು.

ಆ ಅಭ್ಯಾಸವನ್ನು ಕೊಲ್ಲುವುದು ಹಿಂದಿನ ವರ್ಷದ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವ ಪದ್ಧತಿ. ಒಂದರ ಹಿಂದೊಂದು ಬರೆದ ಎಣಿಕೆಗಳೆಲ್ಲ ಒಂದೇ ಸಮನಾಗಿದ್ದರೆ, ಅವು ಎಣಿಸಿದವಲ್ಲ, ಬರೆದವು ಎಂದು ವರ್ಗಮೂಲದ ನಿಯಮವೇ ಹೇಳಿಬಿಡುತ್ತದೆ. ಆದ್ದರಿಂದ ಪರೀಕ್ಷಕರು ಅಂದವಾದ ಗ್ರಾಫಿಗಿಂತ ಏರಿಳಿತದ ವಿವರಣೆಗೆ ಹೆಚ್ಚು ಅಂಕ ಕೊಡಲಿ. ಹಣವಿಲ್ಲದ ಕಾಲೇಜುಗಳು ತೆಳು ಅಭ್ರಕದ ಕಿಟಕಿಯಿರುವ ಒಂದು ಕೌಂಟರನ್ನು ಸರದಿಯಂತೆ ಹಂಚಿಕೊಳ್ಳಲಿ. ಆಕರವಂತೂ ಊರಿನ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ.