ಪರನುಡಿಯ ಗೌರವ, ತಾಯ್ನುಡಿಯ ನಿಷ್ಠೆ

ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲ್ಯಾಂಡ್ ಸುಮಾರು ನಾಲ್ಕು ಲಕ್ಷ ಜನರ ದ್ವೀಪರಾಷ್ಟ್ರ. 2016ರ ಯುರೋಪಿಯನ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಇಂಗ್ಲೆಂಡನ್ನು 2-1ರಿಂದ ಮಣಿಸಿದ ನಾಡಿದು. ಆದರೆ ಆಟವನ್ನೇ ಕಾಯಕವಾಗಿಸಿಕೊಳ್ಳಬಯಸುವ ಅಲ್ಲಿನ ತರುಣನು ಬಹುಮಟ್ಟಿಗೆ ಪರದೇಶದ ತಂಡವನ್ನೇ ಸೇರಬೇಕು. ಅಲ್ಲಿ ಅವನ ತಾಯ್ನುಡಿ ಬಲ್ಲವರಿಲ್ಲ. ಕಾಲ್ಚಳಕದೊಡನೆ ಪರನುಡಿಯೂ ಅವನಿಗೆ ಅಗತ್ಯ. ಶಾಲೆಯಲ್ಲಿ ಕಡ್ಡಾಯವಾಗಿ ಕಲಿತ ಇಂಗ್ಲಿಷ್, ಡ್ಯಾನಿಷ್ ಭಾಷೆಗಳೇ ಅದಕ್ಕೆ ಬುನಾದಿ. ಡ್ಯಾನಿಷ್ ಬಲ್ಲವನಿಗೆ ನಾರ್ವೆ, ಸ್ವೀಡನ್ನುಗಳ ನುಡಿಯೂ ಸುಲಭ.

ಈ ದಾರಿಯನ್ನು ಮೊದಲು ತುಳಿದವರು ಆಲ್ಬರ್ಟ್ ಗುಡ್‌ಮುಂಡ್ಸನ್. ಬ್ರಿಟನ್, ಫ್ರಾನ್ಸ್, ಇಟಲಿಗಳಲ್ಲಿ ಆಡಿದ ಅವರು 1983ರಲ್ಲಿ ಸ್ವದೇಶದ ಹಣಕಾಸು ಸಚಿವರಾದರು. ಮುಂದೆ, ಹಿಂದೆ ತಾವು ಆಡಿದ್ದ ಫ್ರಾನ್ಸಿಗೇ ರಾಯಭಾರಿಯಾಗಿ ತೆರಳಿದರು. ಐದುರ್ ಗುಡ್‌ಜಾನ್ಸೆನ್ ಅವರ ತಂದೆ ಬೆಲ್ಜಿಯಂನಲ್ಲಿ ಆಟಗಾರರಾಗಿದ್ದುದರಿಂದ ಮಗನ ಎಳವೆಯ ಕೆಲವು ವರ್ಷಗಳು ಅಲ್ಲಿಯೇ ಕಳೆದವು. ಬೆಳೆದ ಮೇಲೆ ಐದುರ್ ನೆದರ್‌ಲೆಂಡ್ಸ್, ಇಂಗ್ಲೆಂಡ್, ಸ್ಪೇನ್ ದೇಶಗಳ ತಂಡಗಳಲ್ಲಿ ಆಡಿದರು.

ಇಷ್ಟೊಂದು ಪರನುಡಿಗಳನ್ನು ಬರಮಾಡಿಕೊಂಡ ಆ ಪುಟ್ಟ ನಾಡು ತಾಯ್ನುಡಿಯನ್ನು ಕೈಬಿಟ್ಟಿಲ್ಲ. ಗಣಕಯಂತ್ರಕ್ಕೂ ಪರಪದವನ್ನು ಎರವಲು ತಾರದೆ, 'ಸಂಖ್ಯೆ' ಮತ್ತು 'ಭವಿಷ್ಯ ನುಡಿಯುವವಳು' ಎಂಬರ್ಥದ ತಮ್ಮ ಹಳೆಯ ಪದಗಳನ್ನು ಬೆಸೆದು 'ತೋಲ್ವಾ' ಎಂದು ಹೆಸರಿಟ್ಟುಕೊಂಡಿದ್ದಾರೆ.

ನಮ್ಮ ಮನೆಗಳ ಮಕ್ಕಳೂ ಇಂದು ಸಾಗರದಾಚೆ ದುಡಿಯುತ್ತಿದ್ದಾರೆ. ಅನ್ನವಿತ್ತ ನೆಲದ ನುಡಿಯನ್ನು ಅವರು ಆದರದಿಂದ ಕಲಿಯಲಿ, ಅದು ಕಾಯಕಧರ್ಮವೇ. ಆದರೆ ಅಜ್ಜಿ ಹೇಳುವ ವಚನ ಮೊಮ್ಮಗುವಿಗೆ ಅರ್ಥವಾಗದೆ ಹೋದರೆ, ಆ ನಷ್ಟವನ್ನು ಯಾವ ಗಳಿಕೆಯೂ ತುಂಬಲಾರದು. ದಿನಕ್ಕೊಂದು ವಚನವನ್ನಾದರೂ ಮಕ್ಕಳೊಡನೆ ಓದೋಣ.