‘ಕರೆಂಟ್’ ಬಂದಾಗ: ಕನ್ನಡ ಮತ್ತು ಹಿಂದಿಯಲ್ಲಿ ಒಂದು ಇಂಗ್ಲಿಷ್ ಪದ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಕನ್ನಡ, ದಖನಿ, ಹಿಂದಿ ಮೂರೂ ಕಿವಿಗೆ ಬೀಳುತ್ತವೆ. 1874ರಲ್ಲಿ ಸಿಕಂದರಾಬಾದಿನ ಹಳಿ ವಾಡಿಯನ್ನು ಕೂಡಿತು. ಹಿಂದಿಯ ಬಳಕೆಗೆ ಸಿಮೆಂಟ್ ಕಾರ್ಖಾನೆಗಳೂ ಕಾರಣ.

ಕನ್ನಡದ ‘ಕರೆಂಟ್’ ಮುಖ್ಯವಾಗಿ ವಿದ್ಯುತ್ ಪೂರೈಕೆ: ‘ಕರೆಂಟ್ ಹೋಗ್ಯಾದ’. ಆಡುಹಿಂದಿಯಲ್ಲಿ ಈ ಸ್ಥಾನ ‘ಲೈಟ್’ ಪದದ್ದು. ‘ಲೈಟ್ ಚಲೀ ಗಯೀ’ ಎಂದಾಗ ಹಗಲಾಗಿದ್ದರೂ ಸರಿ, ಫ್ಯಾನ್ ನಿಂತಿರುತ್ತದೆ! ‘ಬಿಜಲೀ’, ‘ಬತ್ತೀ’ಗಳಂತೆ ‘ಲೈಟ್’ ಕೂಡ ಸ್ತ್ರೀಲಿಂಗ. ‘ಕರಂಟ್’ ಪುಲ್ಲಿಂಗ, ಅದು ಮುಟ್ಟಿದರೆ ಮೈಗೆ ತಾಗುವ ಶಕ್ತಿ. ‘ಕರಂಟ್ ಲಗಾ’ ಎಂದರೆ ವಿದ್ಯುದಾಘಾತವಾಯಿತು. ಕನ್ನಡದಲ್ಲೂ ‘ಕರೆಂಟ್ ಹೊಡೀತು’ ಎನ್ನುವುದುಂಟು. ಅಲ್ಲಿ ಆಘಾತದ ಅರ್ಥವನ್ನು ತರುವುದು ‘ಹೊಡೆ’ ಎಂಬ ಕ್ರಿಯಾಪದ.

ನಿಜವಾದ ತೊಡಕಿರುವುದು ‘ಬರು’ ಎಂಬಲ್ಲಿ. ‘ಕರೆಂಟ್ ಬಂದದ’ ಎಂಬುದು ಕನ್ನಡಿಗನಿಗೆ ಶುಭವಾರ್ತೆ. ‘ಮಶೀನ್ ಮೇಂ ಕರಂಟ್ ಆ ರಹಾ ಹೈ’ ಎಂಬುದು ಹಿಂದಿಯವನಿಗೆ ಎಚ್ಚರಿಕೆ: ಯಂತ್ರ ಮುಟ್ಟಬೇಡ. ಇದಕ್ಕಿಂತ ಅಪಾಯಕಾರಿ ನಿಷೇಧರೂಪ. ‘ಕರೆಂಟ್ ಇಲ್ಲ’ ಎಂಬುದನ್ನು ಪದಶಃ ‘ಕರಂಟ್ ನಹೀಂ ಹೈ’ ಎಂದರೆ, ಕೇಳುವವನು ತಂತಿ ಮುಟ್ಟಬಹುದೆಂದು ತಿಳಿದಾನು. ಹೇಳಿದವನ ಇಂಗಿತ ಪೂರೈಕೆ ಸದ್ಯ ನಿಂತಿದೆ ಎಂದಷ್ಟೇ, ಅದು ಯಾವ ಗಳಿಗೆಯಲ್ಲಾದರೂ ಮರಳಬಹುದು. ಇಲ್ಲಿ ತಕ್ಕ ಹಿಂದಿ ‘ಲೈಟ್ ನಹೀಂ ಹೈ’. ಆದ್ದರಿಂದ ದ್ವಿಭಾಷಾ ಸುರಕ್ಷತಾ ಫಲಕ ಬರೆಯುವವರಿಗೆ ‘ವಿದ್ಯುತ್ ಪ್ರವಾಹ’ ಎಂಬ ಒಂದೇ ನಿಘಂಟಿನರ್ಥ ಸಾಲದು; ಪದದೊಡನೆ ಅದು ಕೂಡುವ ಕ್ರಿಯಾಪದವನ್ನೂ ನಮೂದಿಸಬೇಕಾಗುತ್ತದೆ.